ಅಸಿಟೈಲ್‌ಕೋಲಿನ್ ಮತ್ತು ಅದರ ರಿಸೆಪ್ಟರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಿನರ್ಜಿಕ್ ರಿಸೆಪ್ಟರ್ ಅಂದರೆ ಏನು?

ಒಂದು ನರಕೋಶಕ್ಕೂ ಅದು ಸಂಕೇತ ಕಳಿಸುವ ಕೋಶಕ್ಕೂ ನಡುವೆ ಸಾಮಾನ್ಯವಾಗಿ ತೀರಾ ಕಿರಿದಾದ ಸಂದು ಇರುತ್ತದೆ. ನರದ ತುದಿಯವರೆಗೆ ವಿದ್ಯುತ್ತಾಗಿ ಬಂದ ಸಂಕೇತ ಆ ಸಂದನ್ನು ದಾಟುವುದು ರಾಸಾಯನಿಕದ ರೂಪದಲ್ಲಿ. ಅಂಥ ರಾಸಾಯನಿಕಗಳಲ್ಲಿ ಮೊದಲು ಪತ್ತೆಯಾದದ್ದು ಅಸಿಟೈಲ್‌ಕೋಲಿನ್. ಆಚೆ ಬದಿಯ ಕೋಶದ ಪೊರೆಯಲ್ಲಿ ಹುದುಗಿದ್ದು, ಅಸಿಟೈಲ್‌ಕೋಲಿನ್ ಬಂದು ಕೂತೊಡನೆ ಆಕಾರ ಬದಲಿಸಿ ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನನ್ನು ಕೋಲಿನರ್ಜಿಕ್ ರಿಸೆಪ್ಟರ್ ಎನ್ನುತ್ತಾರೆ.

ಇಲ್ಲಿಂದ ಮುಂದಿನ ಎಲ್ಲ ಉತ್ತರಗಳಿಗೂ ಬುಡದಲ್ಲಿರುವ ಮಾತು ಒಂದೇ. ಅಸಿಟೈಲ್‌ಕೋಲಿನ್ ತಾನಾಗಿ ಯಾವ ಆಜ್ಞೆಯನ್ನೂ ಹೊತ್ತು ತರುವುದಿಲ್ಲ. ಬಿಗಿಯಬೇಕೋ ಸಡಿಲಬೇಕೋ, ಜೋರಾಗಬೇಕೋ ನಿಧಾನವಾಗಬೇಕೋ ಎಂಬುದನ್ನು ನಿರ್ಧರಿಸುವುದು ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಯಾವುದು, ಎಲ್ಲಿದೆ ಎಂಬುದು.

ಇವುಗಳಲ್ಲಿ ಎಷ್ಟು ಬಗೆ?

ದೊಡ್ಡ ಕುಟುಂಬಗಳು ಎರಡು: ನಿಕೋಟಿನಿಕ್ ಮತ್ತು ಮಸ್ಕರಿನಿಕ್. ತಂಬಾಕಿನ ನಿಕೋಟಿನ್ ಮೊದಲನೆಯದನ್ನು ಕೆರಳಿಸುತ್ತದೆ, ಕೆಂಪು ತೊಪ್ಪಿಗೆಯ ಮೇಲೆ ಬಿಳಿ ಚುಕ್ಕೆಗಳಿರುವ ಒಂದು ವಿಷದ ಅಣಬೆಯಲ್ಲಿ ಸಿಕ್ಕ ಮಸ್ಕರಿನ್ ಎರಡನೆಯದನ್ನು. 1914ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಅಸಿಟೈಲ್‌ಕೋಲಿನ್‌ನ ಪರಿಣಾಮಗಳನ್ನು ಹೀಗೆ ಎರಡು ಪಾಲು ಮಾಡಿದರು. ಆ ವಿಂಗಡಣೆ ಇವತ್ತಿಗೂ ನಿಂತಿದೆ. ವಿಶೇಷವೆಂದರೆ ಆಗ ರಿಸೆಪ್ಟರನ್ನು ಯಾರೂ ಕಂಡಿರಲಿಲ್ಲ, ಅಸಿಟೈಲ್‌ಕೋಲಿನ್ ಪ್ರಾಣಿಗಳ ದೇಹದಲ್ಲಿ ಸಹಜವಾಗಿ ಇದೆ ಎಂಬುದು ಕೂಡ ಖಚಿತವಾಗಿರಲಿಲ್ಲ.

ನಿಕೋಟಿನಿಕ್ ರಿಸೆಪ್ಟರ್ ಎಂದರೆ ಐದು ಪ್ರೋಟೀನ್ ತುಂಡುಗಳು ಸುತ್ತ ನಿಂತು ನಡುವೆ ರಂಧ್ರ ಬಿಟ್ಟುಕೊಂಡ ರಚನೆ. ಅಸಿಟೈಲ್‌ಕೋಲಿನ್ ಕೂತರೆ ರಂಧ್ರ ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ. ಇಷ್ಟಕ್ಕೆ ಬೇಕಾಗುವುದು ಮಿಲಿಸೆಕೆಂಡಿನ ಲೆಕ್ಕದ ಹೊತ್ತು. ಆ ಐದು ತುಂಡುಗಳು ಯಾವುವು ಎಂಬುದರ ಮೇಲೆ ಉಪಬಗೆಗಳು ಹುಟ್ಟುತ್ತವೆ. ಸ್ನಾಯುವಿನಲ್ಲಿ ಒಂದು ಜೋಡಣೆ, ನರಗಂಟುಗಳಲ್ಲಿ ಇನ್ನೊಂದು, ಮಿದುಳಿನಲ್ಲಿ ಆಲ್ಫಾ4ಬೀಟಾ2 ಮತ್ತು ಆಲ್ಫಾ7 ಎಂಬವು ಹೆಚ್ಚು.

ಮಸ್ಕರಿನಿಕ್ ರಿಸೆಪ್ಟರಿಗೆ ರಂಧ್ರವೇ ಇಲ್ಲ. ಅದು ಕೋಶದೊಳಗಿನ ಜಿ-ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು, ಹೀಗೆ ಕೆಲಸ ಕೈಯಿಂದ ಕೈಗೆ ಸಾಗುತ್ತದೆ. ಆದ್ದರಿಂದ ನಿಧಾನ, ಆದರೆ ಪರಿಣಾಮ ಹೆಚ್ಚು ಹೊತ್ತು ಉಳಿಯುತ್ತದೆ. ಎಂ1ರಿಂದ ಎಂ5ರವರೆಗೆ ಐದು ಉಪಬಗೆ. ಎಂ1, ಎಂ3, ಎಂ5 ಹೆಚ್ಚಾಗಿ ಕೋಶವನ್ನು ಪ್ರಚೋದಿಸುತ್ತವೆ. ಎಂ2, ಎಂ4 ತಡೆಯುತ್ತವೆ.

ಇಂಥದ್ದೊಂದು ರಾಸಾಯನಿಕ ಇದೆ ಎಂದು ಗೊತ್ತಾದದ್ದು ಹೇಗೆ?

ಎರಡು ಕಪ್ಪೆಗಳ ಹೃದಯದಿಂದ. ನರ ಮತ್ತು ಅಂಗದ ನಡುವಿನ ಸಂದನ್ನು ವಿದ್ಯುತ್ ಕಿಡಿ ದಾಟುತ್ತದೋ ರಾಸಾಯನಿಕ ದಾಟುತ್ತದೋ ಎಂಬುದು ಆ ಕಾಲದ ದೊಡ್ಡ ಜಗಳ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಓಟೊ ಲೋವಿ ಕಪ್ಪೆಯ ಹೃದಯಗಳನ್ನು ಹೊರತೆಗೆದು ಲವಣದ ದ್ರಾವಣದಲ್ಲಿ ಇಟ್ಟರು. ಅಲ್ಲೂ ಅವು ಬಡಿಯುತ್ತಲೇ ಇದ್ದವು. ಒಂದು ಹೃದಯಕ್ಕೆ, ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರವನ್ನು ಉಳಿಸಿಕೊಂಡಿದ್ದರು, ಇನ್ನೊಂದರದ್ದನ್ನು ತೆಗೆದುಹಾಕಿದ್ದರು. ಮೊದಲನೆಯದರ ನರಕ್ಕೆ ವಿದ್ಯುತ್ ಕೊಟ್ಟಾಗ ಬಡಿತ ನಿಧಾನವಾಯಿತು. ಇದು ಮೊದಲೇ ಗೊತ್ತಿದ್ದ ಸಂಗತಿ. ಆಮೇಲೆ ಆ ಹೃದಯ ಮುಳುಗಿದ್ದ ದ್ರಾವಣವನ್ನು ತೆಗೆದು ಎರಡನೆಯದಕ್ಕೆ ಹರಿಸಿದರು. ಯಾವ ನರವೂ ಇಲ್ಲದ ಆ ಹೃದಯವೂ ನಿಧಾನವಾಯಿತು! ದ್ರಾವಣದಲ್ಲಿ ಏನೋ ಬೆರೆತಿತ್ತು. 1921ರಲ್ಲಿ ಇದು ಪ್ರಕಟವಾಯಿತು. ಆ 'ಏನೋ' ಅಸಿಟೈಲ್‌ಕೋಲಿನ್ ಎಂದು ಮುಂದೆ ತಿಳಿಯಿತು. 1936ರ ನೊಬೆಲ್ ಪ್ರಶಸ್ತಿಯನ್ನು ಲೋವಿ ಮತ್ತು ಡೇಲ್ ಹಂಚಿಕೊಂಡರು.

ಈ ಪ್ರಯೋಗ ತನಗೆ ಕನಸಿನಲ್ಲಿ ಹೊಳೆಯಿತು ಎಂದು ಲೋವಿಯೇ ಹೇಳಿಕೊಂಡಿದ್ದಾರೆ. ಕತೆ ಸೊಗಸಾಗಿದೆ. ಪ್ರಯೋಗದ ಸರಳತೆ ಅದಕ್ಕಿಂತ ಸೊಗಸು.

ರಿಸೆಪ್ಟರ್ ಎಂಬ ಕಲ್ಪನೆ ಇದಕ್ಕಿಂತ ಹಳೆಯದು. ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲೇ ನಿಕೋಟಿನ್ ಮತ್ತು ಕ್ಯುರಾರೆ ವಿಷದ ಪ್ರಯೋಗಗಳನ್ನು ನಡೆಸಿ, ಸ್ನಾಯುವಿನಲ್ಲಿ ಇವೆರಡನ್ನೂ ಹಿಡಿಯುವ ಏನೋ ಒಂದು ವಸ್ತು ಇರಲೇಬೇಕು ಎಂದು ವಾದಿಸಿದ್ದರು.

ಹೃದಯವನ್ನು ನಿಧಾನಗೊಳಿಸುವ ರಾಸಾಯನಿಕವೇ ಕೈಯ ಸ್ನಾಯುವನ್ನು ಬಿಗಿಗೊಳಿಸುತ್ತದೆಯೇ?

ಹೌದು, ಅದೇ ಅಣು. ಹೃದಯದಲ್ಲಿ ಅದನ್ನು ಹಿಡಿಯುವುದು ಎಂ2. ಹಿಡಿದೊಡನೆ ಪೊಟ್ಯಾಸಿಯಂ ದ್ವಾರಗಳು ತೆರೆದು, ಮುಂದಿನ ಬಡಿತಕ್ಕೆ ಕೋಶ ಸಿದ್ಧವಾಗುವುದು ತಡವಾಗುತ್ತದೆ. ಹೃದಯದ ಸ್ವಂತ ಲಯಕೇಂದ್ರವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗ ನಮ್ಮ ನಾಡಿ 70ರ ಆಸುಪಾಸಿನಲ್ಲಿ ಇರುವುದು ವೇಗಸ್ ನರ ಎಡೆಬಿಡದೆ ಹಗ್ಗ ಎಳೆದು ಹಿಡಿದಿರುವುದರಿಂದ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಈ ನರದ ಸಂಪರ್ಕ ಕಡಿದಿರುತ್ತದೆ. ಹಾಗಾಗಿ ಅವರ ನಾಡಿ ಸುಮ್ಮನೆ ಕೂತಾಗಲೂ ಹೆಚ್ಚಿರುತ್ತದೆ.

ಕೈಯ ಸ್ನಾಯುವಿನಲ್ಲಿ ಇರುವುದು ನಿಕೋಟಿನಿಕ್ ಬಗೆ. ಅಲ್ಲಿ ಅದೇ ಅಣು ಸೋಡಿಯಂಗೆ ದಾರಿ ಬಿಟ್ಟುಕೊಡುತ್ತದೆ, ಸ್ನಾಯು ಬಿಗಿಯುತ್ತದೆ.

ಬೆರಳು ಮಡಚಿದಾಗ ಆ ಸಂದಿನಲ್ಲಿ ನಿಜವಾಗಿ ಏನಾಗುತ್ತದೆ?

ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡೋಣ. ನರ ಮತ್ತು ಸ್ನಾಯುವಿನ ನಡುವಿನ ಸಂದು ಸುಮಾರು 50 ನ್ಯಾನೊಮೀಟರ್. ನರತುದಿಯೊಳಗೆ ಅಸಿಟೈಲ್‌ಕೋಲಿನ್ ತುಂಬಿದ, ಪುಟ್ಟ ಚೀಲದಂಥ ಕೋಶಿಕೆಗಳು ಸಾಲುಗಟ್ಟಿರುತ್ತವೆ. ಒಂದೊಂದರಲ್ಲೂ ಸಾವಿರಾರು ಅಣುಗಳು. ವಿದ್ಯುತ್ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳಬರುತ್ತದೆ, ಹತ್ತಾರು ಕೋಶಿಕೆಗಳು ಒಟ್ಟಿಗೆ ಪೊರೆಗೆ ಬೆಸೆದುಕೊಂಡು ಸಂದಿಗೆ ಬರಿದಾಗುತ್ತವೆ. ಎದುರು ಬದಿಯ ಸ್ನಾಯುಪೊರೆ ಮಡಿಕೆ ಮಡಿಕೆಯಾಗಿದ್ದು, ಆ ಮಡಿಕೆಗಳ ಅಂಚಿನಲ್ಲಿ ಒಂದು ಚದರ ಮೈಕ್ರಾನ್ ಜಾಗದಲ್ಲಿ ಸುಮಾರು 10,000 ರಿಸೆಪ್ಟರ್‌ಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದು ರಿಸೆಪ್ಟರ್ ಸರಿಯಾಗಿ ತೆರೆಯಲು ಎರಡು ಅಣುಗಳು ಬೇಕು.

ಆರೋಗ್ಯವಂತರಲ್ಲಿ ಒಂದು ಸಂಕೇತಕ್ಕೆ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್ ಅಗತ್ಯಕ್ಕಿಂತ ಎಷ್ಟೋ ಹೆಚ್ಚು. ಹೀಗೆ ಕೈಯಲ್ಲಿ ಮಿಗಿತಾಯ ಇಟ್ಟುಕೊಂಡೇ ಸ್ನಾಯು ಎಂದೂ ಸಂಕೇತ ತಪ್ಪಿಸಿಕೊಳ್ಳದಂತೆ ದೇಹ ನೋಡಿಕೊಳ್ಳುತ್ತದೆ. ಮುಂದೆ ಬರುವ, ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಕಾಯಿಲೆ ಅರ್ಥವಾಗಬೇಕಾದರೆ ಈ ಮಿಗಿತಾಯ ನೆನಪಿರಲಿ.

ಸಂದೇಶ ಮುಟ್ಟಿದ ಮೇಲೆ ಅಸಿಟೈಲ್‌ಕೋಲಿನ್ ಎಲ್ಲಿ ಹೋಗುತ್ತದೆ?

ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಅಲ್ಲಿಯೇ ಕತ್ತರಿಸುತ್ತದೆ. ಒಂದು ಕಿಣ್ವದ ಅಣು ಸೆಕೆಂಡಿಗೆ ಸಾವಿರಾರು ಅಣುಗಳನ್ನು ಮುಗಿಸುವಷ್ಟು ಚುರುಕು. ಉಳಿದ ಕೋಲಿನನ್ನು ನರತುದಿ ಮತ್ತೆ ಒಳಗೆಳೆದುಕೊಂಡು ಹೊಸ ಅಸಿಟೈಲ್‌ಕೋಲಿನ್ ತಯಾರಿಸುತ್ತದೆ. ಈ ಕಿಣ್ವವನ್ನು ಅಳತೆಮೀರದೆ ತಡೆದರೆ ಔಷಧ, ಪೂರ್ತಿ ಕಟ್ಟಿಹಾಕಿದರೆ ವಿಷ. ಎರಡೂ ಮುಂದೆ ಬರುತ್ತವೆ.

ಕಣ್ಣು, ಬಾಯಿ, ಹೊಟ್ಟೆ, ಮೂತ್ರಕೋಶಗಳಲ್ಲಿ ಇವು ಏನು ಮಾಡುತ್ತವೆ?

ಬಹುಪಾಲು ಎಂ3ರ ಕಾರುಬಾರು. ಜೊಲ್ಲು ಸುರಿಯುವುದು, ಕರುಳು ಆಡುವುದು, ಮೂತ್ರಕೋಶ ಹಿಂಡಿಕೊಳ್ಳುವುದು, ಶ್ವಾಸನಾಳ ಬಿಗಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು, ಹತ್ತಿರದ ಅಕ್ಷರಕ್ಕೆ ಮಸೂರ ಹೊಂದಿಕೊಳ್ಳುವುದು ಎಲ್ಲವೂ ಇದರ ಮೂಲಕ.

ಕಣ್ಣಿನ ಪರೀಕ್ಷೆಗೆ ಹನಿ ಹಾಕಿಸಿಕೊಂಡವರಿಗೆ ಇದು ಸ್ವಂತ ಅನುಭವ. ಟ್ರಾಪಿಕಮೈಡ್ ಹನಿ ಮಸ್ಕರಿನಿಕ್ ರಿಸೆಪ್ಟರನ್ನು ತಡೆಯುತ್ತದೆ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಪಾಪೆ ಅಗಲವಾಗಿ ಬೆಳಕು ಚುಚ್ಚತೊಡಗುತ್ತದೆ, ಎದುರಿನ ಗೋಡೆಯ ಬರಹ ಕಂಡರೂ ಕೈಯಲ್ಲಿರುವ ಮೊಬೈಲಿನ ಅಕ್ಷರ ಕಲಸಿಹೋಗುತ್ತದೆ. ಪಾಪೆಯನ್ನು ಕಿರಿದಾಗಿಸುವ ಸ್ನಾಯು, ಮಸೂರವನ್ನು ಹೊಂದಿಸುವ ಸ್ನಾಯು, ಎರಡೂ ಕೆಲವು ಗಂಟೆ ಅಸಿಟೈಲ್‌ಕೋಲಿನ್ ಮಾತು ಕೇಳುವುದಿಲ್ಲ. ಪೈಲೊಕಾರ್ಪಿನ್ ಇದಕ್ಕೆ ತದ್ವಿರುದ್ಧ: ಮಸ್ಕರಿನಿಕ್ ರಿಸೆಪ್ಟರನ್ನು ಕೆರಳಿಸಿ ಪಾಪೆಯನ್ನು ಕುಗ್ಗಿಸುತ್ತದೆ. ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾದಲ್ಲಿ ಅದರ ಬಳಕೆ ಹಳೆಯದು. ಮಾತ್ರೆಯಾಗಿ ಕೊಟ್ಟರೆ ಬಾಯೊಣಗುವ ಕೆಲವು ಕಾಯಿಲೆಗಳಲ್ಲಿ ಜೊಲ್ಲು ಬರಿಸುತ್ತದೆ.

ಶ್ವಾಸಕೋಶದ ಹಳೆಯ ಕಾಯಿಲೆಯವರು ದಿನಕ್ಕೊಂದು ಸಲ ಎಳೆದುಕೊಳ್ಳುವ ಟಯೋಟ್ರೋಪಿಯಂ, ಪದೇ ಪದೇ ಅವಸರದಲ್ಲಿ ಮೂತ್ರಕ್ಕೆ ಓಡುವವರಿಗೆ ಕೊಡುವ ಸೋಲಿಫೆನಾಸಿನ್, ಪ್ರಯಾಣದ ವಾಂತಿಗೆ ಕಿವಿಯ ಹಿಂದೆ ಅಂಟಿಸುವ ಸ್ಕೋಪಾಲಮಿನ್ ಪಟ್ಟಿ, ಇವೆಲ್ಲ ಟ್ರಾಪಿಕಮೈಡ್‌ನಂತೆ ಮಸ್ಕರಿನಿಕ್ ರಿಸೆಪ್ಟರನ್ನು ತಡೆಯುವ ಒಂದೇ ಮನೆತನದವು.

ಬೆವರಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ, ಅದೂ ನಿಯಮ ಮುರಿದು. ಬೆವರಿನ ಗ್ರಂಥಿಗಳಿಗೆ ಹೋಗುವುದು 'ಓಡು ಇಲ್ಲವೇ ಕಾದಾಡು' ಎನ್ನುವ ಸಿಂಪಥೆಟಿಕ್ ನರಗಳು. ಇಂಥ ನರಗಳು ಬೇರೆ ಅಂಗಗಳಲ್ಲಿ ಸಾಮಾನ್ಯವಾಗಿ ನಾರ್‌ಅಡ್ರಿನಲಿನ್ ಸುರಿಸುತ್ತವೆ. ಇಲ್ಲಿ ಮಾತ್ರ ಅಸಿಟೈಲ್‌ಕೋಲಿನ್. ಆದ್ದರಿಂದಲೇ ಉಮ್ಮತ್ತಿ ಬೀಜ ತಿಂದವರಲ್ಲಿ ಬೆವರು ನಿಂತು ಮೈ ಕಾದ ಹಂಚಿನಂತಾಗುತ್ತದೆ. ಜೊತೆಗೆ ಒಣ ಬಾಯಿ, ಅಗಲವಾದ ಪಾಪೆ, ಓಡುವ ನಾಡಿ, ಇಲ್ಲದ್ದನ್ನು ಕಾಣುವ ಭ್ರಮೆ. ಅದರಲ್ಲಿರುವ ಅಟ್ರೋಪಿನ್, ಸ್ಕೋಪಾಲಮಿನ್ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ದೇಹದುದ್ದಕ್ಕೂ ಮುಚ್ಚಿಬಿಡುತ್ತವೆ. ಇದು ಆಸ್ಪತ್ರೆಗೆ ಓಡಬೇಕಾದ ತುರ್ತು.

ಮಿದುಳಿನಲ್ಲಿ ಅಸಿಟೈಲ್‌ಕೋಲಿನ್‌ಗೆ ಏನು ಕೆಲಸ?

ಸ್ನಾಯುವಿನಲ್ಲಿ ಅದು ಕೊಡುವುದು ನೇರ ಆದೇಶ. ಮಿದುಳಿನಲ್ಲಿ ಹೆಚ್ಚಾಗಿ ಬೇರೆ ಸಂಕೇತಗಳಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಹೊಂದಿಸುತ್ತದೆ. ಮುಮ್ಮಿದುಳಿನ ಬುಡದಲ್ಲಿರುವ ಮೈನರ್ಟ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪು ಮಿದುಳಿನ ತೊಗಟೆಯುದ್ದಕ್ಕೂ ಎಳೆಗಳನ್ನು ಹರಡಿದೆ; ಅದರ ನೆರೆಯ ಗುಂಪುಗಳು ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ಗೆ ಎಳೆ ಕಳಿಸುತ್ತವೆ. ಮಿದುಳಕಾಂಡದಲ್ಲಿ ಇನ್ನೊಂದು ಗುಂಪು ಎಚ್ಚರ-ನಿದ್ದೆಯ ಉಸ್ತುವಾರಿ ನೋಡಿಕೊಳ್ಳುತ್ತದೆ. ಒಂದು ಕಡೆ ಗಮನ ಇಟ್ಟು ಓದುವಾಗ, ಹೊಸದನ್ನು ಕಲಿಯುವಾಗ ತೊಗಟೆಯಲ್ಲಿ ಅಸಿಟೈಲ್‌ಕೋಲಿನ್ ಏರುತ್ತದೆ. ಹೊರಗಿನಿಂದ ಬರುವ ಸುದ್ದಿಗೆ ಆಗ ತೂಕ ಹೆಚ್ಚು, ಒಳಗಿನ ಹಳೆಯ ನೆನಪುಗಳ ಗುನುಗು ಕಡಿಮೆ.

ನಿದ್ದೆಯಲ್ಲಿ ನಡೆಯುವುದು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಗಾಢ ನಿದ್ದೆಯಲ್ಲಿ ಅಸಿಟೈಲ್‌ಕೋಲಿನ್ ತೀರಾ ಇಳಿಯುತ್ತದೆ. ಹಗಲಿನ ನೆನಪುಗಳು ಗಟ್ಟಿಗೊಳ್ಳಲು ಈ ಇಳಿತ ನೆರವಾಗುತ್ತದೆ ಎಂಬ ವಾದಕ್ಕೆ ಒಳ್ಳೆಯ ಆಧಾರಗಳಿವೆ. ಕನಸು ಬೀಳುವ, ಕಣ್ಣಾಲಿ ಓಡಾಡುವ ನಿದ್ದೆಯಲ್ಲಿ ಅದು ಮತ್ತೆ ಎಚ್ಚರದ ಮಟ್ಟಕ್ಕೆ ಏರುತ್ತದೆ. ಅಸಿಟೈಲ್‌ಕೋಲಿನ್ ಹೆಚ್ಚಿಸುವ ಡೊನೆಪೆಜಿಲ್ ಮಾತ್ರೆಯನ್ನು ರಾತ್ರಿ ತೆಗೆದುಕೊಂಡವರಲ್ಲಿ ಕೆಲವರಿಗೆ ವಿಪರೀತ ಕನಸು ಬೀಳುವುದಕ್ಕೂ ಇದಕ್ಕೂ ನಂಟಿದೆ.

ಅಲ್ಝೈಮರ್ ಕಾಯಿಲೆ ಅಸಿಟೈಲ್‌ಕೋಲಿನ್ ಕೊರತೆಯೇ?

ಕೊರತೆ ಇರುವುದು ನಿಜ, ಕಾಯಿಲೆ ಅಷ್ಟರಲ್ಲೇ ಮುಗಿಯುವುದಿಲ್ಲ. ಅಲ್ಝೈಮರ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ಬಹಳ ಕಡಿಮೆಯಾಗಿರುವುದು 1970ರ ದಶಕದಲ್ಲಿ ಕಂಡುಬಂತು. ಮೈನರ್ಟ್ ನ್ಯೂಕ್ಲಿಯಸ್‌ನ ಕೋಶಗಳು ಸಾಯುವುದು ಅದರ ಹಿಂದೆಯೇ ತಿಳಿಯಿತು. ಅಸಿಟೈಲ್‌ಕೋಲಿನನ್ನು ಕತ್ತರಿಸುವ ಕಿಣ್ವವನ್ನು ತಡೆದು, ಉಳಿದಿರುವ ಅಸಿಟೈಲ್‌ಕೋಲಿನನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುವ ಔಷಧಗಳು ಹುಟ್ಟಿದ್ದು ಇಲ್ಲಿಂದ. ಅಮೆರಿಕದಲ್ಲಿ 1993ರಲ್ಲಿ ಟ್ಯಾಕ್ರಿನ್‌ಗೆ ಒಪ್ಪಿಗೆ ಸಿಕ್ಕಿತು. ಯಕೃತ್ತಿಗೆ ತೊಂದರೆ ಕೊಡುತ್ತಿದ್ದ ಅದು ಮೂಲೆಗೆ ಸರಿಯಿತು. 1996ರಲ್ಲಿ ಡೊನೆಪೆಜಿಲ್, ಆಮೇಲೆ ರಿವಾಸ್ಟಿಗ್ಮಿನ್ ಮತ್ತು ಗ್ಯಾಲಂಟಮಿನ್ ಬಂದವು.

ಇವುಗಳಿಂದ ಸಿಗುವ ಲಾಭ ಸಣ್ಣದು, ಆದರೆ ಸುಳ್ಳಲ್ಲ. ಕೆಲವರಲ್ಲಿ ಗಮನ, ದಿನನಿತ್ಯದ ಚಟುವಟಿಕೆ ಒಂದಿಷ್ಟು ಕಾಲ ಸುಧಾರಿಸುತ್ತದೆ. ಕೋಶಗಳ ಸಾವು ಮಾತ್ರ ನಿಲ್ಲುವುದಿಲ್ಲ. ಮನೆಯವರು ಇದನ್ನು ಮೊದಲೇ ತಿಳಿದಿದ್ದರೆ ಆಮೇಲಿನ ನಿರಾಶೆ ಕಡಿಮೆ. ವಾಕರಿಕೆ, ಭೇದಿ, ನಾಡಿ ನಿಧಾನವಾಗುವುದು ಇವುಗಳ ಸಾಮಾನ್ಯ ಅಡ್ಡಪರಿಣಾಮ. ಏಕೆಂದರೆ ಮಾತ್ರೆ ಮಿದುಳಿಗಷ್ಟೇ ಹೋಗುವುದಿಲ್ಲ, ಕರುಳಿನ ಎಂ3, ಹೃದಯದ ಎಂ2ಗಳಿಗೂ ಅದೇ ಅಸಿಟೈಲ್‌ಕೋಲಿನ್ ಹೆಚ್ಚುತ್ತದೆ.

ವಯಸ್ಸಾದವರ ಮಾತ್ರೆಗಳ ಬಗ್ಗೆ ವೈದ್ಯರು ಎಚ್ಚರಿಸುವುದು ಏಕೆ?

ಮಸ್ಕರಿನಿಕ್ ರಿಸೆಪ್ಟರನ್ನು ತಡೆಯುವ ಗುಣ ಎಷ್ಟೋ ಮಾತ್ರೆಗಳಲ್ಲಿ ಸದ್ದಿಲ್ಲದೆ ಸೇರಿಕೊಂಡಿದೆ. ನೆಗಡಿ-ಅಲರ್ಜಿಯ ಕ್ಲೋರ್‌ಫೆನಿರಮಿನ್ ಮತ್ತು ಡೈಫೆನ್‌ಹೈಡ್ರಮಿನ್, ನೋವಿಗೂ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರಕೋಶಕ್ಕೆ ಆಕ್ಸಿಬ್ಯುಟಿನಿನ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಒಬ್ಬೊಬ್ಬ ವೈದ್ಯರು ಒಂದೊಂದನ್ನು ಬರೆದಿರುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಕಾರಣವಿದೆ. ಎಲ್ಲವೂ ಒಂದೇ ಹೊಟ್ಟೆಗೆ ಬಿದ್ದಾಗ ಮಾತ್ರ ಬಾಯಿ ಒಣಗುತ್ತದೆ, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ಕಣ್ಣು ಮಂಜಾಗುವುದು, ಬೀಳುವುದು, ಕೊನೆಗೆ ಹಗಲು-ರಾತ್ರಿ ತಿಳಿಯದ ಗಲಿಬಿಲಿ. ವಯಸ್ಸಿನಲ್ಲಿ ಅಸಿಟೈಲ್‌ಕೋಲಿನ್ ವ್ಯವಸ್ಥೆಯ ಉಳಿತಾಯ ಮೊದಲೇ ಕಡಿಮೆ ಇರುತ್ತದೆ. ಇಂಥ ಔಷಧಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆ, ಹೆಚ್ಚು ಕಂಡುಬಂದಿದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಔಷಧವೇ ಕಾರಣ ಎಂದು ಅವು ಸಾಬೀತು ಮಾಡಿಲ್ಲ, ಆದರೂ ಸುಮ್ಮನೆ ತಳ್ಳಿಹಾಕುವಂಥ ಸಂಗತಿಯಲ್ಲ.

ಇದರಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಒಂದು ಸರಪಳಿ. ಮರೆವಿಗೆ ಡೊನೆಪೆಜಿಲ್ ಕೊಡುತ್ತಾರೆ. ಅದು ಮೂತ್ರಕೋಶವನ್ನು ಹೆಚ್ಚು ಹಿಂಡಿಸುವುದರಿಂದ ಕೆಲವರಿಗೆ ಮೂತ್ರ ತಡೆಯಲಾಗುವುದಿಲ್ಲ. ಅದನ್ನು ಹೊಸ ಕಾಯಿಲೆ ಎಂದು ತಿಳಿದು ಆಕ್ಸಿಬ್ಯುಟಿನಿನ್ ಸೇರಿಸುತ್ತಾರೆ. ಈಗ ಒಂದು ಮಾತ್ರೆ ಅಸಿಟೈಲ್‌ಕೋಲಿನನ್ನು ಏರಿಸುತ್ತದೆ, ಇನ್ನೊಂದು ಅದು ಕೂರುವ ಜಾಗವನ್ನೇ ಮುಚ್ಚುತ್ತದೆ, ಮರೆವು ಹೆಚ್ಚುತ್ತದೆ. ಮನೆಯ ಹಿರಿಯರು ದಿನವೂ ನುಂಗುವ ಎಲ್ಲ ಮಾತ್ರೆಗಳನ್ನು, ಚೀಟಿಯಿಲ್ಲದೆ ಕೊಂಡವನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿ ಒಬ್ಬ ವೈದ್ಯರ ಮುಂದೆ ಸುರಿಯಿರಿ. ಆದರೆ ಯಾವುದನ್ನೂ ನೀವೇ ನಿಲ್ಲಿಸಬೇಡಿ. ಕೆಲವನ್ನು ಹಂತಹಂತವಾಗಿಯೇ ಇಳಿಸಬೇಕು.

ನಿಕೋಟಿನ್ ಚಟ ಬಿಡುವುದು ಇಷ್ಟು ಕಷ್ಟ ಏಕೆ?

ಸಿಗರೇಟಿನ ಹೊಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳು ಮುಟ್ಟಿ ಆಲ್ಫಾ4ಬೀಟಾ2 ರಿಸೆಪ್ಟರ್‌ಗಳ ಮೇಲೆ ಕೂರುತ್ತದೆ. ಹಿತ-ಬಯಕೆಗಳ ಮಾರ್ಗದಲ್ಲಿ ಡೋಪಮಿನ್ ಎಂಬ ಇನ್ನೊಂದು ನರ-ರಾಸಾಯನಿಕ ಸುರಿಯುತ್ತದೆ. ಅಸಿಟೈಲ್‌ಕೋಲಿನನ್ನು ಕತ್ತರಿಸುವ ಕಿಣ್ವಕ್ಕೆ ನಿಕೋಟಿನನ್ನು ಕತ್ತರಿಸಲು ಬರುವುದಿಲ್ಲ. ಹಾಗಾಗಿ ಅದು ಅಲ್ಲೇ ಸುಳಿದಾಡುತ್ತದೆ, ರಿಸೆಪ್ಟರ್‌ಗಳು ಜಡ್ಡುಗಟ್ಟುತ್ತವೆ. ಮಿದುಳು ಅವುಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ರಾತ್ರಿ ನಿದ್ದೆಯಲ್ಲಿ ನಿಕೋಟಿನ್ ಇಳಿದು ಆ ರಿಸೆಪ್ಟರ್‌ಗಳೆಲ್ಲ ಮತ್ತೆ ಎಚ್ಚರಗೊಂಡಿರುತ್ತವೆ. ದಿನದ ಮೊದಲ ಸಿಗರೇಟು ಹೆಚ್ಚು ಹಿಡಿಸುವುದೂ, ಅದನ್ನೇ ಬಿಡುವುದು ಎಲ್ಲಕ್ಕಿಂತ ಕಷ್ಟವೆನಿಸುವುದೂ ಇದರಿಂದ. ಪೂರ್ತಿ ಬಿಟ್ಟರೆ ಹೆಚ್ಚಾಗಿದ್ದ ರಿಸೆಪ್ಟರ್‌ಗಳು ಕೆಲವು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತವೆ. ಕಿರಿಕಿರಿ, ಚಡಪಡಿಕೆ ತಗ್ಗುವುದೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ.

2006ರಲ್ಲಿ ಬಂದ ವರೆನಿಕ್ಲಿನ್ ಇದೇ ರಿಸೆಪ್ಟರನ್ನು ಅರ್ಧ ತಿರುಗಿಸಿದ ನಲ್ಲಿಯಂತೆ ಇಡುತ್ತದೆ. ಬಯಕೆ ತಣಿಯುವಷ್ಟು ಡೋಪಮಿನ್ ಹನಿಯುತ್ತದೆ, ಮೇಲೆ ಸಿಗರೇಟು ಸೇದಿದರೂ ಜಾಗ ಖಾಲಿ ಇಲ್ಲದ್ದರಿಂದ ಹೆಚ್ಚಿನ ಸುಖವಿಲ್ಲ.

ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ಏನು ಕೆಟ್ಟಿರುತ್ತದೆ?

ದೇಹದ ರೋಗನಿರೋಧಕ ವ್ಯವಸ್ಥೆ ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರನ್ನೇ ಶತ್ರುವೆಂದು ತಿಳಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ರಿಸೆಪ್ಟರ್‌ಗಳು ನಾಶವಾಗುತ್ತವೆ, ಸ್ನಾಯುಪೊರೆಯ ಮಡಿಕೆಗಳು ಸಪಾಟಾಗುತ್ತವೆ, ಮೇಲೆ ಹೇಳಿದ ಮಿಗಿತಾಯ ಕರಗುತ್ತದೆ. ಮೊದಲ ಕೆಲವು ಸಂಕೇತಗಳಿಗೆ ಸ್ನಾಯು ಓಗೊಡುತ್ತದೆ. ಒಂದೇ ಸಮನೆ ಬಳಸಿದಾಗ ನರ ಬಿಡುವ ಅಸಿಟೈಲ್‌ಕೋಲಿನ್ ಸಹಜವಾಗಿ ಸ್ವಲ್ಪ ಇಳಿಯುತ್ತದಲ್ಲ, ಆಗ ಸೋಲುತ್ತದೆ.

ಇದರಿಂದ ಈ ಕಾಯಿಲೆಗೊಂದು ವಿಚಿತ್ರ ಚಹರೆ. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಗೆ ಜೋಲುತ್ತದೆ. ಓದುತ್ತ ಓದುತ್ತ ಒಂದು ಸಾಲು ಎರಡಾಗುತ್ತದೆ. ಊಟ ಶುರುವಾದಾಗ ಅಗಿಯಲು ತೊಂದರೆಯಿಲ್ಲ, ಮುಗಿಯುವ ಹೊತ್ತಿಗೆ ದವಡೆಯನ್ನು ಕೈಯಿಂದ ಎತ್ತಿ ಹಿಡಿಯಬೇಕಾಗುತ್ತದೆ. ಮಾತು ಹೋಗುತ್ತ ಹೋಗುತ್ತ ಮೂಗಿನಿಂದ ಬರುತ್ತದೆ. ವಿಶ್ರಾಂತಿ ಕೊಟ್ಟರೆ ಮತ್ತೆ ಸರಿ. ವೈದ್ಯರ ಮುಂದೆ ಕೂತಾಗ ಎಲ್ಲವೂ ನೆಟ್ಟಗಿರುವುದರಿಂದ 'ಮನಸ್ಸಿನ ಕಾಯಿಲೆ' ಎನಿಸಿಕೊಂಡು ತಿರುಗಾಡಿದವರು ಕಡಿಮೆಯಿಲ್ಲ. ರೆಪ್ಪೆಯ ಮೇಲೆ ಒಂದೆರಡು ನಿಮಿಷ ಐಸ್ ಇಟ್ಟಾಗ ಅದು ಮೇಲೇಳುವುದು ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಪರೀಕ್ಷೆ; ತಂಪಿನಲ್ಲಿ ಕಿಣ್ವ ಮಂದವಾಗುವುದು ಅದಕ್ಕೆ ಒಂದು ಕಾರಣ.

ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಮೇರಿ ವಾಕರ್ 1934ರಲ್ಲಿ, ಆ ಕಿಣ್ವವನ್ನು ತಡೆಯುವ ಫೈಸೊಸ್ಟಿಗ್ಮಿನ್ ಚುಚ್ಚಿ ಇಂಥ ರೋಗಿಯ ಶಕ್ತಿ ಮರಳುವುದನ್ನು ತೋರಿಸಿದರು. ಈಗ ಅದೇ ತತ್ವದ ಪಿರಿಡೊಸ್ಟಿಗ್ಮಿನ್ ಮಾತ್ರೆ ಇದೆ. ಅದು ಲಕ್ಷಣಕ್ಕೆ ಮಾತ್ರ. ಪ್ರತಿಕಾಯ ತಗ್ಗಿಸಲು ಸ್ಟೀರಾಯ್ಡ್ ಮತ್ತಿತರ ಔಷಧ, ಕೆಲವರಿಗೆ ಎದೆಯೊಳಗಿರುವ, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಥೈಮಸ್ ಗ್ರಂಥಿ ತೆಗೆಯುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಪ್ರತಿಕಾಯದ ಗುಟ್ಟು ಹೊರಬಂದದ್ದೂ ಒಂದು ಬಗೆಯ ಆಕಸ್ಮಿಕವೇ. ವಿದ್ಯುತ್ ಮೀನುಗಳ ವಿದ್ಯುದಂಗದಲ್ಲಿ ಈ ರಿಸೆಪ್ಟರ್ ಕಿಕ್ಕಿರಿದಿದೆ, ಕಟ್ಟುಹಾವಿನ ವಿಷದಲ್ಲಿರುವ ಬಂಗರೊಟಾಕ್ಸಿನ್ ಅದನ್ನು ಬಿಡದೆ ಹಿಡಿಯುತ್ತದೆ. ಇವೆರಡರಿಂದ ರಿಸೆಪ್ಟರನ್ನು ಬೇರ್ಪಡಿಸಲು ಬಂತು. 1973ರಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಮ್ ಅದರ ವಿರುದ್ಧ ಪ್ರತಿಕಾಯ ಪಡೆಯಲೆಂದು ಮೊಲಗಳಿಗೆ ಚುಚ್ಚಿದಾಗ, ಮೊಲಗಳೇ ಕತ್ತು ಎತ್ತಲಾಗದೆ ಸೋತು ಬಿದ್ದವು.

ಈ ಕಾಯಿಲೆಯವರಿಗೆ ನುಂಗುವುದು, ಉಸಿರಾಡುವುದು ಕಷ್ಟವಾದರೆ ಆಸ್ಪತ್ರೆಗೆ ಹೋಗಲು ಗಂಟೆಗಳನ್ನೂ ಕಾಯಬಾರದು.

ಕೀಟನಾಶಕ ಕುಡಿದಾಗ ಅಥವಾ ಮೈಗೆ ತಗುಲಿದಾಗ ಆಗುವುದೇನು?

ಆರ್ಗನೊಫಾಸ್ಫೇಟ್ ಗುಂಪಿನ ವಿಷಗಳು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಎಲ್ಲ ಸಂದುಗಳಲ್ಲೂ ತುಂಬಿ ತುಳುಕುತ್ತದೆ. ಮಸ್ಕರಿನಿಕ್ ಕಡೆಯಿಂದ ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ಸೂಜಿಮೊನೆಯಷ್ಟಾದ ಪಾಪೆ, ನಿಧಾನವಾದ ನಾಡಿ, ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ಲೋಳೆ. ನಿಕೋಟಿನಿಕ್ ಕಡೆಯಿಂದ ಸ್ನಾಯುಗಳ ಅದುರು, ಅನಂತರ ನಿಶ್ಶಕ್ತಿ. ಜನ ಸಾಯುವುದು ಉಸಿರು ನಿಂತು. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಬಿಟ್ಟ ಸಾರಿನ್ ಅನಿಲವೂ ಇದೇ ಬಗೆಯದು.

ಅಟ್ರೋಪಿನ್ ಇಲ್ಲಿ ಜೀವ ಉಳಿಸುತ್ತದೆ. ಎದೆಯ ಲೋಳೆ ಒಣಗಿ ಉಸಿರು ತಿಳಿಯಾಗುವವರೆಗೆ ಪ್ರಮಾಣವನ್ನು ದುಪ್ಪಟ್ಟು ಮಾಡುತ್ತ ಕೊಡುತ್ತಾರೆ. ಆದರೆ ಅದು ಮಸ್ಕರಿನಿಕ್ ರಿಸೆಪ್ಟರನ್ನಷ್ಟೇ ಮುಚ್ಚಬಲ್ಲದು. ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರಿಗೆ ಅದು ತಾಗುವುದಿಲ್ಲ. ಹಾಗಾಗಿ ಜೊಲ್ಲು ನಿಂತು ರೋಗಿ ಚೇತರಿಸಿದಂತೆ ಕಂಡರೂ ಒಂದರಿಂದ ನಾಲ್ಕು ದಿನಗಳ ನಡುವೆ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಸೋಲಬಹುದು. 'ಸರಿಯಾಗಿದ್ದಾರೆ' ಎಂದು ಬಲವಂತವಾಗಿ ಬಿಡಿಸಿಕೊಂಡು ಹೋಗುವುದು ಅಪಾಯ. ವಿಷ ತಗುಲಿದ ಬಟ್ಟೆ ತೆಗೆದು, ನಿಮ್ಮ ಕೈಗೆ ಅಂಟದಂತೆ ನೋಡಿಕೊಂಡು ಚರ್ಮವನ್ನು ಸೋಪು-ನೀರಿನಿಂದ ತೊಳೆಯಿರಿ, ವಾಂತಿ ಮಾಡಿಸಬೇಡಿ, ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಯಾರಾದರೂ ಬೇಕೆಂದೇ ಕುಡಿದಿದ್ದರೆ, ದೇಹ ಚೇತರಿಸಿದ ಮೇಲೆ ಮನಸ್ಸಿನ ಚಿಕಿತ್ಸೆಯೂ ಅಷ್ಟೇ ಅಗತ್ಯ.

ಆಪರೇಷನ್ ಹೊತ್ತಿಗೆ ಕೊಡುವ ಸ್ನಾಯು ಸಡಿಲಿಸುವ ಚುಚ್ಚುಮದ್ದೂ ಇದೇ ರಿಸೆಪ್ಟರ್ ಮೇಲೆಯೇ?

ಹೌದು. ದಕ್ಷಿಣ ಅಮೆರಿಕದಲ್ಲಿ ಬೇಟೆಯ ಬಾಣಕ್ಕೆ ಸವರುತ್ತಿದ್ದ ಕ್ಯುರಾರೆಯನ್ನು 1942ರಲ್ಲಿ ಮಾಂಟ್ರಿಯಲ್‌ನ ಹೆರಾಲ್ಡ್ ಗ್ರಿಫಿತ್ ಅರಿವಳಿಕೆಯಲ್ಲಿ ಬಳಸಿದರು. ಇಂದಿನ ವೆಕ್ಯುರೋನಿಯಂ, ರೊಕ್ಯುರೋನಿಯಂ ಅದೇ ದಾರಿಯವು: ರಿಸೆಪ್ಟರ್ ಮೇಲೆ ಕೂತು ತೆರೆಯದಂತೆ ತಡೆಯುತ್ತವೆ. ಸಕ್ಸಿನೈಲ್‌ಕೋಲಿನ್ ಬೇರೆ ಜಾತಿ. ಅದು ರಿಸೆಪ್ಟರನ್ನು ತೆರೆದೇ ಇಟ್ಟು ದಣಿಸುತ್ತದೆ, ಕೆಲವೇ ನಿಮಿಷ ಇರುತ್ತದೆ. ಅದನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ. ಕುಟುಂಬದಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ.

ಈ ಮದ್ದುಗಳು ಸ್ನಾಯುವನ್ನಷ್ಟೇ ಸಡಿಲಿಸುತ್ತವೆ, ನಿದ್ದೆ ತರಿಸುವುದಿಲ್ಲ. ಪ್ರಜ್ಞೆ ತಪ್ಪಿಸಲು ಬೇರೆ ಔಷಧವನ್ನು ಕೊಟ್ಟೇ ಕೊಡುತ್ತಾರೆ.

ಮುಖದ ಸುಕ್ಕಿಗೆ ಚುಚ್ಚುವ ಬೊಟಾಕ್ಸ್?

ಅದು ರಿಸೆಪ್ಟರನ್ನು ಮುಟ್ಟುವುದೇ ಇಲ್ಲ. ನರತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರದಂತೆ ಮಾಡುತ್ತದೆ. ಪರಿಣಾಮ ಕೆಲವು ತಿಂಗಳು.

ಮಾನಸಿಕ ಕಾಯಿಲೆಗಳಿಗೆ ಈ ದಾರಿಯಲ್ಲಿ ಹೊಸ ಔಷಧ ಬಂದಿದೆಯಂತೆ, ನಿಜವೇ?

ನಿಜ. ಸ್ಕಿಜೋಫ್ರೀನಿಯಾದ ಔಷಧಗಳು ದಶಕಗಳಿಂದ ಡೋಪಮಿನ್ ರಿಸೆಪ್ಟರ್ ತಡೆಯುವುದರ ಸುತ್ತಲೇ ಇದ್ದವು. 1990ರ ದಶಕದಲ್ಲಿ ಅಲ್ಝೈಮರ್‌ಗೆಂದು ಪರೀಕ್ಷಿಸಿದ ಝನೊಮೆಲಿನ್ ಎಂಬ ಔಷಧ ಎಂ1, ಎಂ4ಗಳನ್ನು ಪ್ರಚೋದಿಸಿ ಭ್ರಮೆಗಳನ್ನು ತಗ್ಗಿಸುವುದು ಕಂಡಿತು. ಆದರೆ ವಾಕರಿಕೆ, ವಾಂತಿ ತಾಳಲಾರದಷ್ಟು. ಪರಿಹಾರ ಜಾಣತನದ್ದು: ಮಸ್ಕರಿನಿಕ್ ರಿಸೆಪ್ಟರ್ ತಡೆಯುವ, ಆದರೆ ಮಿದುಳಿಗೆ ಅಷ್ಟಾಗಿ ನುಸುಳಲಾರದ ಟ್ರೋಸ್ಪಿಯಂ ಅನ್ನು ಅದಕ್ಕೆ ಬೆರೆಸಿದರು. ಮಿದುಳಿನಲ್ಲಿ ಪ್ರಚೋದನೆ, ಹೊಟ್ಟೆಯಲ್ಲಿ ತಡೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಜೋಡಿಗೆ ಒಪ್ಪಿಗೆ ಕೊಟ್ಟರು. ಎಲ್ಲರಿಗೂ ಹೊಂದುತ್ತದೆ ಎಂದಲ್ಲ. ಹೊಟ್ಟೆಯ ತೊಂದರೆ ಇದರಲ್ಲೂ ಪೂರ್ತಿ ಹೋಗಿಲ್ಲ.

ಉರಿಯೂತಕ್ಕೂ ವೇಗಸ್ ನರಕ್ಕೂ ನಂಟಿದೆ ಎನ್ನುತ್ತಾರಲ್ಲ?

ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ ಮತ್ತು ಅವರ ಜೊತೆಗಾರರು 2000ದ ಆಸುಪಾಸಿನಲ್ಲಿ ತೋರಿಸಿದ್ದು ಇದನ್ನೇ: ಪ್ರಾಣಿಗಳಲ್ಲಿ ವೇಗಸ್ ನರವನ್ನು ಕೆರಳಿಸಿದರೆ ಉರಿಯೂತದ ರಾಸಾಯನಿಕಗಳು ಇಳಿಯುತ್ತವೆ. ಅದಕ್ಕೆ ಬಿಳಿರಕ್ತಕಣಗಳ ಬಳಗದ ಮ್ಯಾಕ್ರೊಫೇಜ್ ಕೋಶಗಳ ಮೇಲಿರುವ ಆಲ್ಫಾ7 ರಿಸೆಪ್ಟರ್ ಬೇಕು. ನರವನ್ನು ಯಂತ್ರದಿಂದ ಪ್ರಚೋದಿಸುವ ಚಿಕಿತ್ಸೆಗಳ ಮೇಲೆ ಗಂಭೀರ ಸಂಶೋಧನೆ ನಡೆದಿದೆ. ಈ ಹೆಸರು ಹೇಳಿಕೊಂಡು ಗುನುಗುವುದು, ತಣ್ಣೀರು ಎರಚಿಕೊಳ್ಳುವುದು ಎಲ್ಲ ಕಾಯಿಲೆಗೂ ಮದ್ದೆಂದು ಸಾರುವ ವೀಡಿಯೊಗಳನ್ನು ಅದರ ಜೊತೆ ಸೇರಿಸಬೇಡಿ.

ಕೋಲಿನ್ ಮಾತ್ರೆ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ?

ಕೋಲಿನ್ ದೇಹಕ್ಕೆ ಬೇಕಾದ ಪೋಷಕಾಂಶ. ಮೊಟ್ಟೆಯ ಹಳದಿ, ಸೋಯಾ, ಮಾಂಸ, ಕಾಳುಗಳಲ್ಲಿ ಸಿಗುತ್ತದೆ. ಆದರೆ ಕೊರತೆ ಇಲ್ಲದವರಲ್ಲಿ ಹೆಚ್ಚು ತಿಂದ ಮಾತ್ರಕ್ಕೆ ಮಿದುಳಿನ ಅಸಿಟೈಲ್‌ಕೋಲಿನ್ ಏರಿ ನೆನಪು ಚುರುಕಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅತಿಯಾದರೆ ಮೈ ಮೀನಿನಂತೆ ನಾರುತ್ತದೆ, ಬೆವರುತ್ತದೆ, ರಕ್ತದೊತ್ತಡ ಇಳಿಯುತ್ತದೆ.

ಜಂತುಹುಳಕ್ಕೂ ಕೀಟಗಳಿಗೂ ಈ ರಿಸೆಪ್ಟರ್ ಇದೆಯೇ?

ಇದೆ, ತುಸು ಬೇರೆ ಆಕಾರದ್ದು. ಪೈರಾಂಟೆಲ್ ಎಂಬ ಜಂತುಮದ್ದು ಹುಳದ ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರನ್ನು ಬಿಡದೆ ಕೆರಳಿಸಿ ಸೆಟೆಸುತ್ತದೆ. ಹಿಡಿತ ತಪ್ಪಿದ ಹುಳ ಹೊರಬೀಳುತ್ತದೆ. ಅದು ನಮ್ಮ ರಕ್ತಕ್ಕೆ ಹೆಚ್ಚು ಸೇರುವುದಿಲ್ಲ. ಇಮಿಡಾಕ್ಲೊಪ್ರಿಡ್‌ನಂಥ ನಿಯೊನಿಕೋಟಿನಾಯ್ಡ್ ಕೀಟನಾಶಕಗಳು ಕೀಟಗಳ ರಿಸೆಪ್ಟರನ್ನು ಹಿಡಿಯುತ್ತವೆ. ಜೇನ್ನೊಣವೂ ಕೀಟವೇ ಎಂಬಲ್ಲಿ ತಕರಾರು ಶುರುವಾಗುತ್ತದೆ.

ರಕ್ತಪರೀಕ್ಷೆಯಲ್ಲಿ ಅಸಿಟೈಲ್‌ಕೋಲಿನ್ ಅಳೆಯಬಹುದೇ?

ಚಿಕಿತ್ಸೆಗೆ ನೆರವಾಗುವಂಥ ಪರೀಕ್ಷೆ ಇಲ್ಲ. ರಕ್ತದಲ್ಲಿ ಅದು ಉಳಿಯುವುದೇ ಇಲ್ಲ. ವಿಷಪ್ರಾಶನದಲ್ಲಿ ಕೋಲಿನ್‌ಎಸ್ಟರೇಸ್ ಕಿಣ್ವವನ್ನೂ ಮಯಸ್ತೇನಿಯಾದಲ್ಲಿ ಪ್ರತಿಕಾಯಗಳನ್ನೂ ಅಳೆಯುತ್ತಾರೆ.

ಹೊಸ ಮಾತ್ರೆ ಬರೆಸಿಕೊಳ್ಳುವಾಗ ಏನು ಹೇಳಬೇಕು?

ಮಸ್ಕರಿನಿಕ್ ತಡೆಯುವ ಔಷಧವಾದರೆ: ಗ್ಲಾಕೋಮಾ ಇದೆಯೇ, ಅದರಲ್ಲೂ ಕಣ್ಣಿನ ಕೋನ ಕಿರಿದಾಗಿದೆ ಎಂದು ಯಾರಾದರೂ ಹೇಳಿದ್ದಾರೆಯೇ, ಪ್ರಾಸ್ಟೇಟ್ ಊದಿ ಮೂತ್ರ ತಡವರಿಸುತ್ತದೆಯೇ, ಮಲಬದ್ಧತೆ ಮೊದಲೇ ಇದೆಯೇ. ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧವಾದರೆ: ನಾಡಿ ನಿಧಾನವೇ, ಎಂದಾದರೂ ತಲೆತಿರುಗಿ ಬಿದ್ದದ್ದುಂಟೇ, ಆಸ್ತಮಾ ಅಥವಾ ಹೊಟ್ಟೆಹುಣ್ಣು ಇದೆಯೇ. ಮಯಸ್ತೇನಿಯಾ ಇರುವವರು ಯಾವುದೇ ಹೊಸ ಔಷಧಕ್ಕೆ ಮೊದಲು, ಸಣ್ಣ ಜ್ವರದ ಆಂಟಿಬಯೋಟಿಕ್ ಆದರೂ ಸರಿ, ಕಾಯಿಲೆಯ ಹೆಸರು ಹೇಳಲೇಬೇಕು. ಕೆಲವು ಆಂಟಿಬಯೋಟಿಕ್‌ಗಳು ನರ-ಸ್ನಾಯು ಸಂದಿನ ಕೆಲಸವನ್ನು ಕುಂಠಿಸಿ ಉಸಿರಾಟಕ್ಕೇ ಕುತ್ತು ತಂದ ಉದಾಹರಣೆಗಳಿವೆ.